ಮೋಟಾರು ಚಾಲೂ ಆತಾ?

ಸೊರಬದ ಕಡೆಯ ನೆಂಟರ ಮನೆಗಳಲ್ಲಿ ‘ಎಂತ ಕೆಲಸ ಮಾರಾಯ ನಿಂದು?’ ಎಂದು ಕೇಳಿದರೆ, ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಕಂಪ್ಯೂಟರ್ ಕೆಲಸ ಎಂದರೆ ‘ಅದು ಗೊತ್ತು, ಅದರಲ್ಲಿ ಎಂತ?’ ಎನ್ನುತ್ತಾರೆ. ಸಾಫ್ಟ್‌ವೇರ್ ಬರೆಯುತ್ತೀಯಾ ಎಂದರೆ ಹೆಚ್ಚೇನಿಲ್ಲ ಎನ್ನಬೇಕು. ಮಾರುತ್ತೀಯಾ ಎಂದರೆ ಅದೂ ಇಲ್ಲ. ರಿಪೇರಿಯೂ ಅಲ್ಲ ಎಂದಾಗ ಎದುರಿನವರ ಮುಖ ಸಪ್ಪೆಯಾಗುತ್ತದೆ, ಯಾಕೆಂದರೆ ಒಳಕೋಣೆಯಲ್ಲಿ ಕೆಟ್ಟ ಪ್ರಿಂಟರೊಂದು ನನಗಾಗಿ ಕಾದಿರುತ್ತದೆ. ಕೊನೆಗೆ ಕಂಡುಕೊಂಡ ಉತ್ತರ, ‘ಬೇರೆಯವರು ಬರೆದದ್ದು ಸರಿಯಾಗಿ ಕೂಡಿತೋ ಇಲ್ಲವೋ ನೋಡುವುದು.’ ‘ಹಂಗಾರೆ ಮೇಸ್ತ್ರಿ ಅನ್ನು’ ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಮನೆತನದಲ್ಲಿ ಈಗ ಅದೇ ಕಾಯಂ.

ಸೊರಬ, ಸಾಗರದ ಗುಡಿಗಾರರು ಶ್ರೀಗಂಧದ ತುಂಡಿನಲ್ಲಿ ಆನೆ ಕೆತ್ತುತ್ತಾರೆ. ಸೊಂಡಿಲು ಬಂತು, ದಂತ ಬಂತು, ಅಂಬಾರಿ ಬಾಕಿ ಇದೆ ಎಂಬುದು ಜಗಲಿಯಲ್ಲಿ ಸುಮ್ಮನೆ ಕೂತವನಿಗೂ ಕಾಣುತ್ತದೆ. ನನ್ನ ಕೆಲಸಕ್ಕೆ ಸೊಂಡಿಲಿಲ್ಲ. ಆಯಿತೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಅದನ್ನೂ ನಾನು ಕೇಳುವುದಿಲ್ಲ. ನನ್ನ ಪರವಾಗಿ ಕೇಳಲು ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದೇನೆ. ದೊಡ್ಡಪ್ಪನಿಗೆ ಇಷ್ಟು ಹೇಳಿದರೆ ಮೇಸ್ತ್ರಿ ಪದವಿಯೂ ಹೋದೀತು.

ವಿಷಯ ಇಷ್ಟೇ. ಒಂದು ಕಂಪನಿಯಲ್ಲಿ ಹತ್ತಾರು ಮಂದಿ ಒಂದೇ ಸಾಫ್ಟ್‌ವೇರಿಗೆ ಕೋಡ್ ಬರೆಯುತ್ತಾರೆ. ಅವರವರ ಲ್ಯಾಪ್‌ಟಾಪಿನಲ್ಲಿ ಅವರವರದು ಸೊಗಸಾಗಿಯೇ ಓಡುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿದಾಗ ಜಗಳ. ಈ ಜಗಳ ತಿಂಗಳ ಕೊನೆಗೆ ಒಮ್ಮೆಲೇ ಆಗುವ ಬದಲು ದಿನಕ್ಕೆ ಹತ್ತು ಸಲ ಸಣ್ಣಸಣ್ಣದಾಗಿ ಆಗಿಹೋಗಲಿ ಎಂದು, ಯಾರು ಯಾವಾಗ ಎರಡು ಸಾಲು ಸೇರಿಸಿದರೂ ಎಲ್ಲವನ್ನೂ ಕೂಡಿಸಿ, ಕಟ್ಟಿ, ಪರೀಕ್ಷೆಗೆ ಹಚ್ಚಿ ನೋಡುವ ಪದ್ಧತಿಯನ್ನು ‘ಕಂಟಿನ್ಯುಯಸ್ ಇಂಟಿಗ್ರೇಷನ್’ ಎನ್ನುತ್ತಾರೆ. ಹಾಗೆ ಕೂಡಿಸಿ ಕಟ್ಟುವ ಒಂದೊಂದು ಸರದಿಯೂ ಒಂದು ಬಿಲ್ಡ್. ಪೂರ್ತಿ ಹೆಸರು ಹೇಳಲು ನಮಗೂ ಸೋಮಾರಿತನ, ಆದ್ದರಿಂದ ಸಿಐ. ಶಿರಾಳಕೊಪ್ಪದ ಬಸ್ಸಿನಲ್ಲಿ ಕೂತು ‘ಬೆಳಿಗ್ಗೆಯಿಂದ ಸಿಐ ಬಿದ್ದುಕೊಂಡಿದೆ, ಒಬ್ಬರಿಗೂ ಎಬ್ಬಿಸಬೇಕು ಅನ್ನಿಸಲಿಲ್ಲವಾ?’ ಎಂದು ಫೋನಿನಲ್ಲಿ ಕೂಗಾಡಿದ ಮೇಲೆ ಪಕ್ಕದ ಹಿರಿಯರು ಮೆಲ್ಲಗೆ ‘ಯಾವ ಸ್ಟೇಷನ್ನು?’ ಎಂದು ವಿಚಾರಿಸಿದ್ದರು. ಸರ್ಕಲ್ ಇನ್‌ಸ್ಪೆಕ್ಟರನ್ನು ಹೀಗೆ ಏಕವಚನದಲ್ಲಿ ಬೈಯಬಲ್ಲವನು ಯಾವ ದೊಡ್ಡ ಮನುಷ್ಯನೋ ಎಂದುಕೊಂಡರೋ ಏನೋ, ಅಲ್ಲಿಂದ ಮುಂದೆ ನನಗೆ ಕಾಲು ಚಾಚಲು ಜಾಗ ಧಾರಾಳವಾಗಿ ಸಿಕ್ಕಿತು.

ಈ ಕೆಲಸಕ್ಕೆ ಜಗತ್ತಿನಲ್ಲಿ ಬಹಳ ಮಂದಿ ಬಳಸುವ ಸಾಧನದ ಹೆಸರು ಜೆಂಕಿನ್ಸ್. ಅದು ಹುಟ್ಟಿದ ಕಥೆ ನನಗೆ ಇಷ್ಟ. ಕೊಸುಕೆ ಕಾವಾಗುಚಿ ಎಂಬ ಜಪಾನಿ ಎಂಜಿನಿಯರ್ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ ಅವನು ಸೇರಿಸಿದ ಕೋಡಿನಿಂದ ಬಿಲ್ಡ್ ಆಗಾಗ ಮುರಿಯುತ್ತಿತ್ತು, ಜೊತೆಯವರು ಸಿಡುಕುತ್ತಿದ್ದರು. ತನ್ನ ತಪ್ಪನ್ನು ಅವರು ಹಿಡಿಯುವ ಮೊದಲು ತಾನೇ ಹಿಡಿಯಬೇಕೆಂದು ಅವನು 2004ರಲ್ಲಿ ಒಂದು ಪ್ರೋಗ್ರಾಂ ಬರೆಯತೊಡಗಿದ. ಬೈಗುಳ ತಪ್ಪಿಸಿಕೊಳ್ಳುವ ಆಸೆಯಿಂದ ಎಂತೆಂಥ ಉಪಕಾರಗಳು ಹುಟ್ಟುತ್ತವೆ ನೋಡಿ. ಅವನು ಇಟ್ಟ ಹೆಸರು ಹಡ್ಸನ್. ಸನ್ ಕಂಪನಿಯನ್ನು ಒರಾಕಲ್ ಕೊಂಡ ಮೇಲೆ ಹೆಸರಿನ ಹಕ್ಕಿಗೆ ವ್ಯಾಜ್ಯವಾಗಿ, 2011ರಲ್ಲಿ ಬಳಗದವರು ಮತ ಹಾಕಿ ಜೆಂಕಿನ್ಸ್ ಎಂದು ಬದಲಿಸಿಕೊಂಡರು. ಎರಡೂ ಇಂಗ್ಲಿಷರ ಮನೆಯ ಬಟ್ಲರಿಗೆ ಒಪ್ಪುವ ಹೆಸರುಗಳೇ. ಲಾಂಛನದಲ್ಲಿ ಈಗಲೂ ಬೋ ಟೈ ಕಟ್ಟಿದ ಒಬ್ಬ ಬಟ್ಲರ್ ನಿಂತಿದ್ದಾನೆ. ಬಿಲ್ಡ್ ಗೆದ್ದರೆ ಬಹಳ ವರ್ಷ ನೀಲಿ ಗೋಲಿ ತೋರಿಸುತ್ತಿದ್ದ, ಯಾಕೆಂದರೆ ಜಪಾನಿನಲ್ಲಿ ಸಿಗ್ನಲ್ಲಿನ ಹಸಿರು ದೀಪವನ್ನು ನೀಲಿ ಎನ್ನುವುದೇ ವಾಡಿಕೆ. ಅದನ್ನು ತಾಳಲಾರದೆ ಗೋಲಿಯನ್ನು ಹಸಿರು ಮಾಡುವುದಕ್ಕೆಂದೇ ಒಂದು ಪ್ಲಗಿನ್ ಬಂತು.

ಈ ಬಟ್ಲರನ ಇನ್ನೊಂದು ಚೇಷ್ಟೆ ಹವಾಮಾನ. ಅವನಿಗೆ ವಹಿಸಿದ ಪ್ರತಿ ಕೆಲಸದ, ಅಂದರೆ ಜಾಬಿನ, ಮುಂದೆ ಒಂದು ಪುಟ್ಟ ಚಿತ್ರವಿರುತ್ತದೆ. ಈಚಿನ ಐದು ಬಿಲ್ಡುಗಳೂ ಗೆದ್ದಿದ್ದರೆ ಸೂರ್ಯ, ಒಂದೆರಡು ಬಿದ್ದಿದ್ದರೆ ಮೋಡ, ಎಲ್ಲವೂ ಬಿದ್ದಿದ್ದರೆ ಗುಡುಗು ಮಿಂಚು. ಆಷಾಢದಲ್ಲಿ ಊರಿಗೆ ಬಂದು ಕೂತು ಈ ಪುಟ ತೆರೆದರೆ ಕಿಟಕಿ ಯಾವುದು ತೆರೆ ಯಾವುದು ಎಂದು ಗೊತ್ತಾಗುವುದಿಲ್ಲ. ಪುಟ ತೆರೆದರೆ ಎಂದೆ. ತೆರೆಯುವುದೇ ಕಷ್ಟ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ಒಣಗಿಸುವ ಚಪ್ಪರದ ಒಂದು ಮೂಲೆಯಲ್ಲಿ, ಅದೂ ಮಳೆ ಹೊಳವಾದಾಗ. ಬಟ್ಲರನ ಪುಟ ಬಣ್ಣ, ಚಿತ್ರ, ಗುಂಡಿಗಳ ಸಮೇತ ಇಳಿದು ಬರುವ ಹೊತ್ತಿಗೆ ಇನ್ನೊಂದು ಮಳೆ ಬಂದಿರುತ್ತದೆ. ಬಿಲ್ಡ್ ಶುರುಮಾಡುವ ಗುಂಡಿ ಅರ್ಧ ಮೂಡಿದಾಗಲೇ ಸಿಗ್ನಲ್ ಹೋಗುತ್ತದೆ.

ಆಗ ಒದಗಿದ್ದು ಸ್ಕ್ರಿಪ್ಟ್. ಚಿತ್ರ ಬೇಡ, ಬಣ್ಣ ಬೇಡ. ‘ಕರ್ಲ್’ ಎಂಬ 1998ರಿಂದ ಬಳಕೆಯಲ್ಲಿರುವ ಒಂದು ಪುಟ್ಟ ಸಾಧನಕ್ಕೆ ಜಾಬಿನ ವಿಳಾಸ, ನನ್ನ ಹೆಸರು, ಗುಟ್ಟಿನ ಟೋಕನ್ ಇಷ್ಟು ಕೊಟ್ಟು ‘ಇದನ್ನು ಶುರುಮಾಡು’ ಎಂದರೆ ಮುಗಿಯಿತು. ಚೀಟಿಯಷ್ಟು ಸಂದೇಶ. ಎಂಥ ಬಡಕಲು ನೆಟ್‌ವರ್ಕೂ ಅದನ್ನು ಹೊತ್ತುಕೊಂಡು ಹೋಗುತ್ತದೆ. ಆಚೆಯಿಂದ 201 ಎಂಬ ಸಂಖ್ಯೆ ಬರುತ್ತದೆ. ಹೊಸಬರು ಅದನ್ನು ಕಂಡು ಕೆಲಸ ಆಯಿತು ಎಂದು ಚಹಾಕ್ಕೆ ಏಳುತ್ತಾರೆ. ಆಗಿರುವುದಿಲ್ಲ. 201ರ ಅರ್ಥ ನಿಮ್ಮ ಕೋರಿಕೆ ಸರದಿಗೆ ಸೇರಿತು ಎಂದಷ್ಟೇ.

ಹೇಳಿದ್ದು ಬೇರೆ, ಆದದ್ದು ಬೇರೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವನು ನನ್ನ ತಮ್ಮ. ಅವನು ಬಿಲ್ಡ್ ಎಂಬ ಮಾತನ್ನೇ ಕೇಳಿದವನಲ್ಲ. ಅವನದು ತೋಟ, ಬೋರು, ಮೋಟಾರು. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ತ್ರೀ ಫೇಸ್ ಮಾತ್ರ ದಿನಕ್ಕೆ 7 ಗಂಟೆ ಎಂಬ ಲೆಕ್ಕ, ಅದೂ ಪಾಳಿಯ ಮೇಲೆ. ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ನಡುರಾತ್ರಿ. ಬೇಸಿಗೆಯಲ್ಲಿ ತೋಟಕ್ಕೆ ನೀರಿನ ಜೆಟ್ ಹಾರಿಸಬೇಕೆಂದರೆ ಟಾರ್ಚು ಹಿಡಿದು, ಹಾವಿಗೆ ದಾರಿ ಬಿಡುತ್ತಾ, ಮೋಟಾರು ಶೆಡ್ಡಿಗೆ ಹೋಗಬೇಕು. ಹೋದಾಗ ಕರೆಂಟು ಇರುವುದಿಲ್ಲ, ಬಂದು ಮಲಗಿದಾಗ ಬರುತ್ತದೆ. ಹೀಗಾಗಿ ಅವನು ಫೋನಿನಿಂದಲೇ ಮೋಟಾರು ಚಾಲೂ ಮಾಡುವ ಸ್ಟಾರ್ಟರ್ ತಂದ. ಒಂದು ಡಬ್ಬ, ಒಳಗೊಂದು ಸಿಮ್ಮು. ಮೋಟಾರಿಗೂ ರೀಚಾರ್ಜ್ ಮಾಡಿಸುವ ಕಾಲ ಬಂತಲ್ಲ ಎಂದು ಅಮ್ಮ ನಕ್ಕಳು.

ಮೊದಲು ತಂದ ಡಬ್ಬ ಬಲು ಸರಳ. ಒಂದು ಮಿಸ್ ಕಾಲ್ ಕೊಟ್ಟರೆ ಚಾಲೂ, ಇನ್ನೊಂದು ಕೊಟ್ಟರೆ ಬಂದ್. ಸರಳವಾದ್ದರಿಂದಲೇ ಅದು ತಮ್ಮನ ನಿದ್ದೆ ಕೆಡಿಸಿತು. ರಾತ್ರಿ ಎರಡಕ್ಕೆ ಎದ್ದು ಮಿಸ್ ಕಾಲ್ ಕೊಡುತ್ತಾನೆ. ರಿಂಗ್ ಆಯಿತೋ ಇಲ್ಲವೋ ಅನುಮಾನ. ಇರಲಿ ಎಂದು ಇನ್ನೊಮ್ಮೆ ಕೊಡುತ್ತಾನೆ. ಮೊದಲನೆಯದು ಮುಟ್ಟಿದ್ದರೆ ಎರಡನೆಯದಕ್ಕೆ ಮೋಟಾರು ಬಂದ್ ಆಗುತ್ತದೆ. ಹಾಗಾಗಿರಬಹುದೆಂದು ಮೂರನೆಯದು ಕೊಟ್ಟರೆ, ಎರಡನೆಯದು ಮುಟ್ಟಿರದಿದ್ದರೆ ಮತ್ತೆ ಬಂದ್. ಹಾಸಿಗೆಯಲ್ಲಿ ಕೂತು ಸಮ ಬೆಸ ಎಣಿಸುತ್ತಿದ್ದ ತಮ್ಮನನ್ನು ನೋಡಿ ಅಮ್ಮ, ‘ಜಪ ಮಾಡ್ತಿದೀಯನಾ?’ ಎಂದು ಕೇಳಿದಳಂತೆ. ಸಾಲದ್ದಕ್ಕೆ ಆ ಡಬ್ಬಕ್ಕೆ ಕರೆ ಮಾಡಿದವರು ಯಾರು ಎಂಬ ಗೊಡವೆ ಇರಲಿಲ್ಲ. ‘ಸಾಲ ಬೇಕಾ ಸರ್?’ ಎಂದು ಕೇಳಲು ಯಾವುದೋ ಊರಿನಿಂದ ಬಂದ ಕರೆಗೂ ಮೋಟಾರು ಚಾಲೂ ಆಗುತ್ತಿತ್ತು. ಮಳೆಗಾಲದ ನಡುಮಧ್ಯಾಹ್ನ, ತೋಟದಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗ, ಸಾಲದವರ ಕೃಪೆಯಿಂದ ಜೆಟ್ ಹಾರುತ್ತಿದ್ದ ದೃಶ್ಯ ನಾನೇ ನೋಡಿದ್ದೇನೆ.

ನಮ್ಮ ಬಟ್ಲರನಿಗೂ ಇದೇ ಕಾಯಿಲೆ ಇತ್ತು. ಒಂದು ಕಾಲದಲ್ಲಿ ಬರಿಯ ಕೊಂಡಿಯನ್ನು ತೆರೆದರೆ ಸಾಕು, ಬಿಲ್ಡ್ ಶುರುವಾಗುತ್ತಿತ್ತು. ಈಗ ಹಾಗೆ ತೆರೆದವರನ್ನು ಅವನು ಬಾಗಿಲಲ್ಲೇ ನಿಲ್ಲಿಸಿ, ನೋಡಲು ಬಂದಿರೋ ಮಾಡಿಸಲು ಬಂದಿರೋ ಎಂದು ಕೇಳುತ್ತಾನೆ. ನೋಡುವುದಕ್ಕೆ ಒಂದು ದಾರಿ, ಮಾಡಿಸುವುದಕ್ಕೆ ಬೇರೆ ದಾರಿ. ಮಾಡಿಸುವ ದಾರಿಗೆ ‘ಪೋಸ್ಟ್’ ಎಂದು ಹೆಸರು, ಅಲ್ಲಿ ಟೋಕನ್ ತೋರಿಸಬೇಕು. ಈ ಎರಡು ದಾರಿಗಳ ಭೇದ ತಿಳಿದರೆ ನನ್ನ ಉದ್ಯೋಗದ ಮುಕ್ಕಾಲು ಪಾಲು ತಿಳಿದ ಹಾಗೆ. ಆಯಿತಾ ಎಂದು ಎಷ್ಟು ಸಲ ಬೇಕಾದರೂ ಕೇಳಿ, ಯಾರ ಗಂಟೂ ಹೋಗುವುದಿಲ್ಲ. ಮಾಡು ಎಂದು ಮಾತ್ರ ಒಂದೇ ಸಲ ಹೇಳಬೇಕು. ಚಪ್ಪರದ ಮೂಲೆಯಲ್ಲಿ ಕೂತವನಿಗೆ ಇದು ಶಾಸ್ತ್ರದ ಮಾತಲ್ಲ. ನಾನು ‘ಮಾಡು’ ಎಂದು ಕಳಿಸಿದ ಮೇಲೆ, 201 ಬರುವ ಮುಂಚೆ, ನೆಟ್‌ವರ್ಕ್ ಹೋಯಿತು ಎನ್ನಿ. ಕೋರಿಕೆ ಮುಟ್ಟಿತೋ? ದಾರಿಯಲ್ಲೇ ಉಳಿಯಿತೋ? ಇನ್ನೊಮ್ಮೆ ಕಳಿಸಿದರೆ ಒಂದೇ ಬಿಲ್ಡ್ ಎರಡು ಸಲ ಓಡೀತು. ಅದು ಗಿರಾಕಿಯ ಸರ್ವರಿಗೆ ಹೊಸ ಆವೃತ್ತಿ ಹಾಕುವ ಜಾಬ್ ಆಗಿದ್ದರೆ ತಮ್ಮನ ಮೂರನೆಯ ಮಿಸ್ ಕಾಲ್‌ನ ಕಥೆಯೇ.

ಬಟ್ಲರ್ ಒಂದು ದೊಡ್ಡಸ್ತಿಕೆ ತೋರಿಸುತ್ತಾನೆ. ಅದೇ ಕೋರಿಕೆ, ಅವೇ ವಿವರಗಳೊಂದಿಗೆ ಎರಡನೆಯ ಸಲ ಬಂದಾಗ ಮೊದಲನೆಯದು ಇನ್ನೂ ಸರದಿಯಲ್ಲೇ ಇದ್ದರೆ, ಎರಡನ್ನೂ ಸೇರಿಸಿ ಒಂದು ಮಾಡಿಬಿಡುತ್ತಾನೆ. ಒಮ್ಮೆ ಓಡಲು ಶುರುವಾದರೆ ಈ ಕೃಪೆ ಇಲ್ಲ. ಆದ್ದರಿಂದ ನನ್ನ ಸ್ಕ್ರಿಪ್ಟ್ ಅನುಮಾನ ಬಂದಾಗ ಮತ್ತೆ ಹೇಳುವುದಿಲ್ಲ, ಮೊದಲು ಕೇಳುತ್ತದೆ: ನನ್ನ ಗುರುತಿನ ಬಿಲ್ಡ್ ಯಾವುದಾದರೂ ಸರದಿಯಲ್ಲಿದೆಯೇ, ಓಡುತ್ತಿದೆಯೇ? ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕಟ್ಟಿ ಕಳಿಸುವುದು ಅದಕ್ಕೇ. ತಮ್ಮ ಈಗ ತಂದಿರುವ ಹೊಸ ಸ್ಟಾರ್ಟರಿಗೂ ಅಷ್ಟು ಬುದ್ಧಿ ಬಂದಿದೆ. ನೋಂದಾಯಿಸಿದ ನಂಬರಿನಿಂದ ಬಂದ ಕರೆಯನ್ನು ಮಾತ್ರ ಎತ್ತುತ್ತದೆ. ಒಂದು ಒತ್ತಿದರೆ ಚಾಲೂ, ಎರಡು ಒತ್ತಿದರೆ ಬಂದ್. ಚಾಲೂ ಇರುವ ಮೋಟಾರಿಗೆ ಹತ್ತು ಸಲ ಒಂದು ಒತ್ತಿದರೂ ಅದು ಚಾಲೂ ಆಗಿಯೇ ಇರುತ್ತದೆ. ತಮ್ಮನ ಜಪ ನಿಂತಿದೆ.

ಸರದಿಯ ಮಾತು ಬಂತು. 201ರ ಜೊತೆಗೆ ಬಟ್ಲರ್ ಒಂದು ವಿಳಾಸ ಕೊಡುತ್ತಾನೆ. ಅದು ಬಿಲ್ಡಿನ ವಿಳಾಸವಲ್ಲ, ಸರದಿಯಲ್ಲಿ ನಿಮ್ಮ ಜಾಗದ ವಿಳಾಸ. ಅಲ್ಲಿಗೆ ಹೋಗಿ ‘ಯಾಕೆ ಇನ್ನೂ ಶುರುವಾಗಿಲ್ಲ?’ ಎಂದು ಕೇಳಿದರೆ ಕಾರಣ ಹೇಳುತ್ತಾನೆ. ಈ ಸೌಜನ್ಯ ನನಗೆ ಬೇರೆ ಎಷ್ಟೋ ಕೌಂಟರುಗಳಲ್ಲಿ ಸಿಕ್ಕಿಲ್ಲ. ಮೊದಲ 5 ಸೆಕೆಂಡ್ ಅವನದು ಮೌನ. ಹೇಳಿದವನು ಇನ್ನೇನಾದರೂ ಸೇರಿಸುವುದಿದ್ದರೆ ಸೇರಿಸಲಿ ಎಂದು ಸುಮ್ಮನೆ ಕಾಯುತ್ತಾನೆ. ಶಿಕಾರಿಪುರದ ನಮ್ಮ ಮಾವನವರ ಅಂಗಡಿಯ ಹುಡುಗ ಕೂಡ ಕೆಲಸ ಹೇಳಿದ ಕೂಡಲೇ ಓಡುವುದಿಲ್ಲ, ಯಾಕೆಂದರೆ ಮಾವ ಹೊಸ್ತಿಲವರೆಗೆ ಕಳಿಸಿ ‘ಹಂಗೇ ಇದನ್ನೂ...’ ಎಂದು ಕರೆಯುವುದು ಅವನಿಗೆ ರೂಢಿಯಾಗಿಹೋಗಿದೆ. ಮೌನ ಮುಗಿದ ಮೇಲೂ ಬಿಡುವಾದ ಯಂತ್ರ ಇಲ್ಲದಿದ್ದರೆ ಕಾಯಬೇಕು. ಯಂತ್ರ ಸಿಕ್ಕಾಗಲೇ ಬಿಲ್ಡಿಗೆ ನಿಜವಾದ ಒಂದು ಸಂಖ್ಯೆ ಹುಟ್ಟುತ್ತದೆ. ಆ ಸಂಖ್ಯೆಯನ್ನು ಬೇಗ ಬರೆದುಕೊಳ್ಳಬೇಕು. ಸರದಿಯ ಚೀಟಿಯನ್ನು ಅವನು ಕೆಲವೇ ನಿಮಿಷ ಇಟ್ಟುಕೊಂಡು ಆಮೇಲೆ ಎಸೆಯುತ್ತಾನೆ.

ಈ ಹಂತದಲ್ಲಿ ಸೋಮಾರಿಗಳಿಗೆ ಒಂದು ಅಡ್ಡದಾರಿ ಕಾಣುತ್ತದೆ. ಸರದಿ, ಚೀಟಿ ಎಂದೆಲ್ಲ ಯಾರು ಅಲೆಯುವುದು? ‘ಕೊನೆಯ ಬಿಲ್ಡ್ ಏನಾಯಿತು?’ ಎಂದು ಕೇಳಿಬಿಟ್ಟರೆ ಆಯಿತಲ್ಲ! ಅದಕ್ಕೂ ಒಂದು ವಿಳಾಸವಿದೆ. ಆದರೆ ನೀವು ಕೇಳುವ ಹೊತ್ತಿಗೆ ಪುಣೆಯಲ್ಲಿ ಕೂತ ಇನ್ನೊಬ್ಬ ತನ್ನದನ್ನು ಶುರುಮಾಡಿದ್ದರೆ, ಅವನ ಬಿಲ್ಡಿನ ಗೆಲುವನ್ನು ನಿಮ್ಮದೆಂದು ತಿಳಿದು ನೀವು ಮಲಗಿಬಿಡುತ್ತೀರಿ. ನಮ್ಮ ಮನೆಯಲ್ಲೂ ಇಂಥದ್ದು ಆದದ್ದುಂಟು. ನಮ್ಮ ಶೆಡ್ಡಿನಲ್ಲಿ ಮೂರು ಫೇಸಿಗೆ ಮೂರು ಬಲ್ಬು ಕಟ್ಟಿದೆ. ಕೆಂಪು, ಹಳದಿ, ನೀಲಿ ಬಣ್ಣದ ಕಾಗದ ಸುತ್ತಿದ್ದು ಮಾಸಿಹೋಗಿ ಈಗ ಮೂರೂ ಒಂದೇ ಬಣ್ಣ. ಮೂರೂ ಉರಿದರೆ ತ್ರೀ ಫೇಸ್ ಬಂದಿದೆ, ಎರಡೇ ಉರಿದರೆ ಮೋಟಾರಿನ ತಂಟೆಗೆ ಹೋಗಬಾರದು, ಕಾಯಿಲ್ ಸುಡುತ್ತದೆ. ರಾತ್ರಿ ಅಡಿಗೆಮನೆಯ ಕಿಟಕಿಯಿಂದ ಈ ದೀಪ ನೋಡಿ ಹೇಳುವುದು ಅಮ್ಮನ ಖಾತೆ. ಒಂದು ಬೇಸಿಗೆಯೆಲ್ಲ ಅವಳು ‘ಬಂದೈತೋ, ಮೂರೂ ಉರೀತಿದಾವೆ’ ಎಂದು ಹೇಳುತ್ತಿದ್ದದ್ದು ಚಿಕ್ಕಪ್ಪನ ಶೆಡ್ಡಿನ ದೀಪ ನೋಡಿ. ನಡುವಿನ ಬಾಳೆ ಬೆಳೆದು ನಮ್ಮದನ್ನು ಮುಚ್ಚಿತ್ತು.

ಕರೆಂಟು ಬಂತೆಂದು ಗೊತ್ತಾಗುವುದೇ ತಡ, ಇನ್ನೊಂದು ಪ್ರಸಂಗ ಶುರುವಾಗುತ್ತದೆ. ಊರಿನಲ್ಲಿ ಬಹಳ ಜನ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಕರೆಂಟು ಬಂದ ಕ್ಷಣಕ್ಕೇ ಯಾರನ್ನೂ ಕೇಳದೆ ಮೋಟಾರು ತಾನಾಗಿ ಚಾಲೂ. ಒಬ್ಬನದಾದರೆ ಚಿಂತೆಯಿಲ್ಲ. ಒಂದೇ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲಿರುವ ಎಲ್ಲರದ್ದೂ ಅದೇ ಕ್ಷಣಕ್ಕೆ ಹೊರಟರೆ? ಮೋಟಾರು ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟನ್ನು ಹೊರಡುವ ಗಳಿಗೆಯಲ್ಲಿ ಎಳೆಯುತ್ತದೆ. ಧಡ್ ಎಂದು ಶಬ್ದವಾಗಿ ಫ್ಯೂಸು ಹೋಗುತ್ತದೆ, ಕೆಲವೊಮ್ಮೆ ಟಿಸಿಯೇ ಹೋಗುತ್ತದೆ. ಆಮೇಲೆ ಯಾರ ಮೋಟಾರೂ ಇಲ್ಲ. ಎಲ್ಲರೂ ಶೆಡ್ಡಿನಿಂದ ಹೊರಗೆ ಬಂದು ಕತ್ತಲಲ್ಲಿ ಒಬ್ಬರನ್ನೊಬ್ಬರು ಬೈಯುವುದು.

ಸಾಫ್ಟ್‌ವೇರಿನವರೂ ಇದನ್ನು ಸುಟ್ಟುಕೊಂಡೇ ಕಲಿತರು. ದಿನಕ್ಕೊಮ್ಮೆ ಓಡಬೇಕಾದ ಜಾಬಿಗೆ ಹೊತ್ತು ಗೊತ್ತುಮಾಡು ಎಂದರೆ ಎಲ್ಲರಿಗೂ ಹೊಳೆಯುವುದು ರಾತ್ರಿ 12. ಇಡೀ ದಿನ ಆಕಳಿಸುತ್ತಿದ್ದ ಯಂತ್ರಗಳ ಮೇಲೆ 12ಕ್ಕೆ ಸರಿಯಾಗಿ ನೂರು ಜಾಬು ಒಟ್ಟಿಗೆ ಬೀಳುತ್ತವೆ. ಇದಕ್ಕೆ ಜೆಂಕಿನ್ಸ್‌ನವರು ಕಂಡುಕೊಂಡ ಉಪಾಯ ಒಂದೇ ಅಕ್ಷರ, ‘ಎಚ್’. ನಿಮಿಷದ ಜಾಗದಲ್ಲಿ ಸೊನ್ನೆ ಬರೆಯುವ ಬದಲು ಈ ಅಕ್ಷರ ಬರೆದರೆ, ಜಾಬಿನ ಹೆಸರಿನಿಂದಲೇ ಏನೋ ಲೆಕ್ಕ ಹಾಕಿ ಒಂದಕ್ಕೆ 12 ಗಂಟೆ 7 ನಿಮಿಷ, ಇನ್ನೊಂದಕ್ಕೆ 12 ಗಂಟೆ 41 ನಿಮಿಷ ಎಂದು ಹಂಚಿಬಿಡುತ್ತದೆ. ಲಾಟರಿ ಅಲ್ಲ, ಒಮ್ಮೆ ಸಿಕ್ಕ ನಿಮಿಷ ದಿನವೂ ಅದೇ. ನಾನು ಇದನ್ನು ತಮ್ಮನಿಗೆ ಬಹಳ ಉತ್ಸಾಹದಿಂದ ವಿವರಿಸಿದೆ. ಟಿಸಿಯ ಮೇಲಿನವರೆಲ್ಲ ಹೆಸರಿನ ಪ್ರಕಾರ ನಿಮಿಷ ಹಂಚಿಕೊಂಡರೆ ಫ್ಯೂಸು ಹೋಗುವ ಮಾತೇ ಇಲ್ಲ. ಅವನು ಪೂರ್ತಿ ಕೇಳಿ, ‘ಸರಿಯೇ ಅಣ್ಣ, ಆದರೆ ಚಿಕ್ಕಪ್ಪಂಗೆ ನಮಗಿಂತ ಮುಂಚಿನ ನಿಮಿಷ ಬಂದ್ರೆ ಅಮ್ಮ ಒಪ್ತಾಳಾ?’ ಎಂದ. ಜೆಂಕಿನ್ಸ್ ದಾಖಲೆಗಳಲ್ಲಿ ಇದಕ್ಕೆ ಪರಿಹಾರವಿಲ್ಲ.

ಇನ್ನು ಕೇಳುವ ಕಲೆ. ಬಿಲ್ಡ್ ಓಡತೊಡಗಿದ ಮೇಲೆ ‘ಇನ್ನೂ ಓಡುತ್ತಿದ್ದೀಯಾ?’ ಎಂದು ಸ್ಕ್ರಿಪ್ಟ್ ಆಗಾಗ ಕೇಳುತ್ತಿರಬೇಕು. ಎಷ್ಟಕ್ಕೊಮ್ಮೆ? ಸೆಕೆಂಡಿಗೊಮ್ಮೆ ಕೇಳಿದರೆ, ಹಾಗೆ ಕೇಳುವವರು ಐವತ್ತು ಮಂದಿಯಾದರೆ, ಬಟ್ಲರ್ ಉತ್ತರ ಹೇಳುತ್ತಲೇ ಸುಸ್ತಾಗುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಎಂದರೆ ಕೆಲಸ ಮುಗಿದು ಒಂಬತ್ತು ನಿಮಿಷವಾಗಿದ್ದರೂ ನಿಮಗೆ ಸುದ್ದಿಯಿಲ್ಲ. ನಾನು ಹತ್ತು ಸೆಕೆಂಡಿನಿಂದ ಶುರುಮಾಡಿ ಬರಬರುತ್ತಾ ಎರಡು ನಿಮಿಷದವರೆಗೆ ಅಂತರ ಹೆಚ್ಚಿಸುತ್ತೇನೆ. ಒಂದು ಮಿತಿಯೂ ಇದೆ, ಅದು ದಾಟಿದರೆ ಸ್ಕ್ರಿಪ್ಟ್ ಕೇಳುವುದನ್ನು ಬಿಟ್ಟು ನನ್ನನ್ನು ಕರೆಯುತ್ತದೆ. ಹೀಗೆ ಪದೇಪದೇ ಕೇಳುವ ಬದಲು ‘ಆದಾಗ ನೀನೇ ಹೇಳು’ ಎನ್ನಬಹುದಲ್ಲ ಎಂದು ತಿಳಿದವರು ಕೇಳುತ್ತಾರೆ. ಆಫೀಸಿನಲ್ಲಾದರೆ ಹಾಗೇ ಮಾಡುವುದು. ಆದರೆ ಚಪ್ಪರದ ಮೂಲೆಯಲ್ಲಿ ಮೊಬೈಲ್ ನೆಟ್‌ವರ್ಕಿನ ಹಿಂದೆ ಕೂತ ಲ್ಯಾಪ್‌ಟಾಪನ್ನು ಹೊರಗಿನವರು ತಾವಾಗಿ ಬಂದು ತಟ್ಟುವಂತಿಲ್ಲ. ನಾನೇ ಹೋಗಿ ವಿಚಾರಿಸಬೇಕು. ಇದರಲ್ಲಿ ನಾಚಿಕೆಯೇನಿಲ್ಲ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಕಾಫಿ ಪಾತ್ರೆ ಖಾಲಿಯೋ ತುಂಬಿದೆಯೋ ಎಂದು ಎದ್ದು ಹೋಗಿ ನೋಡಲಾರದೆ ಅದರ ಮುಂದೆ ಒಂದು ಕ್ಯಾಮೆರಾ ನಿಲ್ಲಿಸಿದ್ದರು. ಎರಡು ವರ್ಷದ ಮೇಲೆ ಆ ಚಿತ್ರ ಅಂತರ್ಜಾಲಕ್ಕೂ ಹೋಯಿತು. ಜಗತ್ತಿನ ಮೂಲೆಮೂಲೆಯ ಜನ ತಮಗೆ ಎಂದೂ ಸಿಗದ ಕಾಫಿಯ ಮಟ್ಟವನ್ನು 2001ರವರೆಗೆ ನೋಡುತ್ತಲೇ ಇದ್ದರು.

ಕೆಲಸ ಮುಗಿದ ವರದಿಗೆ ಕಾಯುವ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಪರಂಪರೆಯೇ ಇದೆ. ಸೊರಬದಿಂದ ಶಿಕಾರಿಪುರದ ಮಾವನ ಮನೆಗೆ ಹೊರಟಾಗ ಶಿರಾಳಕೊಪ್ಪದ ಹತ್ತಿರ ತಾಳಗುಂದಕ್ಕೆ ಹೋಗಿಬರುವುದುಂಟು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ ಎಂಬ ಕಾರಣವನ್ನು ಹೆಂಡತಿಗೆ ಹೇಳುವುದಿಲ್ಲ, ಕದಂಬರ ಇತಿಹಾಸ ಎನ್ನುತ್ತೇನೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಮೇಲೆ 5ನೇ ಶತಮಾನದ ಸಂಸ್ಕೃತ ಶಾಸನವಿದೆ. ಬಿ.ಎಲ್. ರೈಸ್ 1894ರಲ್ಲಿ ಬೆಳಕಿಗೆ ತಂದದ್ದು. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ರಾಜ್ಯ ಕಟ್ಟಿದ್ದು, ಆಮೇಲಿನ ಅರಸರ ಹೊಗಳಿಕೆ ಎಲ್ಲ ದಾಟಿದ ಮೇಲೆ ಕೊನೆಕೊನೆಗೆ ಬರುತ್ತದೆ ನಿಜವಾದ ಸಮಾಚಾರ: ಕಾಕುಸ್ಥವರ್ಮ ಇಲ್ಲಿ ಒಂದು ಕೆರೆ ಮಾಡಿಸಿದ. ಕೆರೆಯ ಕೆಲಸಕ್ಕೆ ಅಪ್ಪಣೆ ಕೊಟ್ಟದ್ದು ಅಪ್ಪ, ವರದಿ ಕಲ್ಲಿಗೇರಿದ್ದು ಮಗ ಶಾಂತಿವರ್ಮನ ಕಾಲದಲ್ಲಿ. ಎರಡು ನಿಮಿಷಕ್ಕೊಮ್ಮೆ ಕೇಳುವ ನನ್ನ ಸ್ಕ್ರಿಪ್ಟಿಗೆ ಈ ತಾಳ್ಮೆ ಎಲ್ಲಿಂದ ಬರಬೇಕು! ಬರೆದ ಕವಿ ಕುಬ್ಜ, ಕಲ್ಲಿನ ಮೇಲೆ ತಾನೇ ಬರೆದೆ ಎಂದು ಹೆಸರು ಸಮೇತ ದಾಖಲಿಸಿದ್ದಾನೆ. ನಮ್ಮಲ್ಲಿ ಬಿಲ್ಡ್ ಮುರಿದಾಗ ಹಾಗೆ ಹೆಸರು ಹೇಳುವವರು ಕಡಿಮೆ, ಅದನ್ನು ಯಂತ್ರವೇ ಹುಡುಕಿ ಹೇಳಬೇಕು.

ಬಿಲ್ಡಿನ ಲಾಗ್ ಓದುವ ಕ್ರಮವೂ ಅದೇ. ಸಾವಿರಾರು ಸಾಲು ವಂಶಾವಳಿ. ಯಾವ ಯಂತ್ರ, ಯಾವ ಆವೃತ್ತಿ, ಎಲ್ಲಿಂದ ಏನು ಇಳಿಸಿಕೊಂಡೆ ಎಂಬ ಬಿರುದು ಬಾವಲಿ. ಕೆರೆಯ ವಿಷಯ ಕೊನೆಯ ಐದಾರು ಸಾಲಿನಲ್ಲಿ. ಬಡ ನೆಟ್‌ವರ್ಕಿನವರಿಗೆಂದು ಬಟ್ಲರ್ ಒಂದು ಸೌಲಭ್ಯ ಇಟ್ಟಿದ್ದಾನೆ. ‘ಇಲ್ಲಿಯವರೆಗೆ ಓದಿದ್ದೇನೆ, ಮುಂದಿನದನ್ನಷ್ಟೇ ಕೊಡು’ ಎಂದರೆ ಅಲ್ಲಿಂದ ಮುಂದಕ್ಕೆ ಕೊಡುತ್ತಾನೆ, ಇನ್ನೂ ಇದೆಯೋ ಮುಗಿಯಿತೋ ಎಂದೂ ಹೇಳುತ್ತಾನೆ. ಕಥೆ ಹೇಳುವ ನಮ್ಮ ಹಿರಿಯರಲ್ಲಿ ಈ ಗುಣ ಇಲ್ಲ. ಒಂದು ಸಲ ತಡೆದರೆ ಮತ್ತೆ ಮೊದಲಿನಿಂದ ಶುರು.

ಕೊನೆಗೆ ಫಲಿತಾಂಶ. ಗೆದ್ದಿತು, ಬಿದ್ದಿತು, ಯಾರೋ ನಡುವೆ ನಿಲ್ಲಿಸಿದರು ಎಂಬುವು ಸುಲಭ. ನಡುವೆ ಒಂದು ಹಳದಿ ಬಣ್ಣವಿದೆ, ‘ಅನ್‌ಸ್ಟೇಬಲ್’. ಕಟ್ಟುವುದೇನೋ ಆಯಿತು, ಪರೀಕ್ಷೆಯಲ್ಲಿ ಒಂದೆರಡು ಕೈಕೊಟ್ಟಿವೆ. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ಎಂದು ಮೀಟಿಂಗುಗಳಲ್ಲಿ ತಾಸುಗಟ್ಟಲೆ ವಾದವಾಗುತ್ತದೆ. ತಮ್ಮನಿಗೆ ಇದರಲ್ಲಿ ಗೊಂದಲವಿಲ್ಲ. ಮೋಟಾರು ಓಡುತ್ತಿದೆ, ಜೆಟ್ಟು ಮೊಳದೆತ್ತರ ಮಾತ್ರ ಹಾರುತ್ತಿದೆ ಎಂದರೆ ನೀರು ಇಳಿದಿದೆ, ಬಂದ್ ಮಾಡು, ಅಷ್ಟೇ. ಇನ್ನು ಸ್ಕ್ರಿಪ್ಟ್ ತನ್ನನ್ನು ಕರೆದವರಿಗೆ ಉತ್ತರ ಹೇಳಬೇಕಾದದ್ದು ಒಂದು ಅಂಕಿಯಲ್ಲಿ. ಯುನಿಕ್ಸ್ ಕಾಲದಿಂದಲೂ ಸೊನ್ನೆ ಎಂದರೆ ಸುಖಾಂತ, 1ರಿಂದ 255ರವರೆಗೆ ಯಾವುದೇ ಆದರೂ ಒಂದೊಂದು ಬಗೆಯ ದುಃಖ. ಶಾಲೆಯಲ್ಲಿ ಸೊನ್ನೆ ತಂದವರಿಗೆಲ್ಲ ಸಮಾಧಾನವಾಗುವ ಲೋಕ ಇದು. ಇದರಲ್ಲೂ ಕರ್ಲ್ ಒಂದು ಮೋಸ ಮಾಡುತ್ತದೆ. ಆಚೆಯ ಸರ್ವರು ‘ಹೋಗಯ್ಯ’ ಎಂದು 404 ತೋರಿಸಿದರೂ, 500 ಎಂದು ಕುಸಿದು ಬಿದ್ದರೂ, ಇದು ತಣ್ಣಗೆ ಸೊನ್ನೆ ಕೊಡುತ್ತದೆ. ಚೀಟಿ ಮುಟ್ಟಿಸುವುದಷ್ಟೇ ತನ್ನ ಕೆಲಸ, ಮುಟ್ಟಿಸಿದೆ, ಅವರು ಬೈದು ಕಳಿಸಿದರೆ ಅದು ನಿಮ್ಮ ಹಣೆಬರಹ ಎಂಬ ಧಾಟಿ. ‘ಫೇಲ್’ ಎಂಬ ಒಂದು ಆಯ್ಕೆ ಸೇರಿಸಿದರೆ ಮಾತ್ರ ನಿಜ ಒಪ್ಪಿಕೊಂಡು 22 ಎನ್ನುತ್ತದೆ.

ತಮ್ಮನ ಸ್ಟಾರ್ಟರಿನ ಕೀರ್ತಿ ಶಿರಾಳಕೊಪ್ಪ ದಾಟಿ ಶಿಕಾರಿಪುರ ಮುಟ್ಟಿತು. ಮಾವನವರಿಗೆ ಊರಾಚೆ ನಾಲ್ಕು ಎಕರೆ ಇದೆ, ಒಂದಷ್ಟು ಜೋಳ, ಒಂದಷ್ಟು ಅಡಿಕೆ. ಅವರೂ ಅಂಥದ್ದೇ ಡಬ್ಬ ತಂದು ಹಾಕಿಸಿದರು. ಅದಕ್ಕೆ ಕೆಲವು ನಂಬರು ನೋಂದಾಯಿಸಬಹುದು. ಮೊದಲನೆಯದು ಅವರದು, ಎರಡನೆಯದು ಅಂಗಡಿಯ ಹುಡುಗನದು, ಮೂರನೆಯದಕ್ಕೆ, ‘ನಮ್ಮ ಅಳಿಯಂದ್ರು ಇದೇ ಲೈನಿನಾಗೆ ಅದಾರೆ’ ಎಂದು ನನ್ನದು. ಈಗ ಬೆಂಗಳೂರಿನಲ್ಲಿರಲಿ, ಚಪ್ಪರದ ಮೂಲೆಯಲ್ಲಿರಲಿ, ಕರೆಂಟು ಬಂತು, ಒಂದು ಫೇಸ್ ಹೋಯಿತು, ನೀರಿಲ್ಲದೆ ಮೋಟಾರು ನಿಂತಿತು ಎಂದು ಶಿಕಾರಿಪುರದ ಡಬ್ಬ ನನಗೆ ತಾನಾಗಿ ಸಂದೇಶ ಕಳಿಸುತ್ತದೆ. ಬಟ್ಲರನಿಂದ ಸಿಗದ ಸೌಲಭ್ಯ ಮಾವನ ಬೋರಿನಿಂದ ಸಿಕ್ಕಿದೆ. ಮೊನ್ನೆ ರಾತ್ರಿ ಒಂದು ದೊಡ್ಡ ಬಿಲ್ಡ್ ಓಡುತ್ತಿತ್ತು. ಫೋನು ಎರಡು ಸಲ ಗುಂಯ್ ಎಂದಿತು. ಮೊದಲನೆಯದು ಸ್ಕ್ರಿಪ್ಟಿನದು, ಗೆದ್ದಿತು ಎಂದು. ಎರಡನೆಯದು ಮೋಟಾರಿನದು. ಓದುವಷ್ಟರಲ್ಲಿ ಮಾವನದೇ ಕರೆ.

‘ಅಳಿಯಂದ್ರೆ, ಮೋಟಾರು ಬಂದ್ ಆಗೈತಿ ಅಂತ ಬಂದೈತಿ ನೋಡ್ರಿ. ನಿಮಗೂ ಬಂತಾ?’

‘ಬಂತು ಮಾವ.’

‘ಅದೇ ಅಂದೆ. ಇಬ್ರಿಗೂ ಬಂದೈತಿ ಅಂದ್ರೆ ಖರೇನೇ ಇರಬೇಕು. ಯಾವುದಕ್ಕೂ ಹುಡುಗನ್ನ ಕಳಿಸಿ ನೋಡಿಸ್ತೀನಿ, ನೀವು ಮಲಗಬ್ಯಾಡ್ರಿ.’